ಎಂಬತ್ತೆರಡು ಡಿಗ್ರಿಯ ಮಧ್ಯಮ ಮಾರ್ಗ

ನೋಯ್ಡಾ ಇರುವುದು ಗೌತಮ ಬುದ್ಧ ನಗರ ಜಿಲ್ಲೆಯಲ್ಲಿ. ಇಲ್ಲಿನ ರಸ್ತೆಯಲ್ಲಿ ಒಂದು ದಿನ ಗಾಡಿ ಓಡಿಸಿದರೆ ಸಾಕು, ಹೆಸರಿಟ್ಟವರ ಹಾಸ್ಯಪ್ರಜ್ಞೆಗೆ ಕೈ ಮುಗಿಯಬೇಕೆನಿಸುತ್ತದೆ. ಬುದ್ಧನ ಮಧ್ಯಮ ಮಾರ್ಗವನ್ನು ಈ ಜಿಲ್ಲೆಯಲ್ಲಿ ಇನ್ನೂ ಪಾಲಿಸುತ್ತಿರುವುದು ಎಂಜಿನ್ನಿನ ಥರ್ಮೋಸ್ಟಾಟ್ ಒಂದೇ. ಅದನ್ನೂ ಈಗ ಕಿತ್ತೆಸೆಯುತ್ತಿದ್ದಾರೆ.

ನಮ್ಮ ಪಕ್ಕದ ಟವರಿನ ಭಾಯಿಸಾಬ್ ತಮ್ಮ ಕಪ್ಪು ಡೀಸೆಲ್ ಗಾಡಿಗೆ ಮಗಳ ಮದುವೆಯಷ್ಟು ಖರ್ಚು ಮಾಡಿದ್ದಾರೆ. ಮುಂದೆ ಕಬ್ಬಿಣದ ಬುಲ್ ಬಾರ್. ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ಬೇಡ ಎಂದದ್ದು ಇಂಥದ್ದನ್ನೇ. ಅದರ ಮೇಲೆ ಎಲ್‌ಇಡಿ ಪಟ್ಟಿ, ಕೆಳಗೆ ವಿಂಚ್. ಕೆಸರಿನಲ್ಲಿ ಸಿಕ್ಕಿಬಿದ್ದರೆ ಎಳೆದುಕೊಳ್ಳಲಂತೆ. ಸೆಕ್ಟರ್ 18ರ ಮಾಲ್ ಪಾರ್ಕಿಂಗಿನಲ್ಲಿ ಕೆಸರೆಲ್ಲಿ ಎಂದು ನಾನು ಕೇಳಲಿಲ್ಲ. ಅದೇ ಸೊಸೈಟಿಯಲ್ಲಿ ಬಾಳಬೇಕಾದವನು. ಇದೆಲ್ಲ ಸಾಲದೆಂದು ಎಂಜಿನ್ನಿನ ಕಂಪ್ಯೂಟರಾದ ಇಸಿಯುವಿಗೆ ರೀಮ್ಯಾಪ್ ಬೇರೆ ಮಾಡಿಸಿ ಎಂಜಿನ್ನಿಗೆ ಇನ್ನಷ್ಟು ಪೌರುಷ ತುಂಬಿಸಿದರು.

ಮೇ ತಿಂಗಳು ಬಂತು. ಹೊರಗೆ 45 ಡಿಗ್ರಿ, ಒಳಗೆ ಎಂಜಿನ್ ತಾಪದ ಮುಳ್ಳು ಕೆಂಪು ಗೆರೆಯ ಮೇಲೆ. ರೇಡಿಯೇಟರಿನ ಬಾಯಿಗೆ ಅಷ್ಟೆಲ್ಲ ಕಬ್ಬಿಣ ತುರುಕಿದ ಮೇಲೆ ಗಾಳಿ ಒಳಗೆ ಹೋಗುವುದಾದರೂ ಹೇಗೆ? ಆದರೆ ತನಿಖೆಯಲ್ಲಿ ಸಿಕ್ಕಿಬಿದ್ದವನು, ಬಿಸಿನೀರು ರೇಡಿಯೇಟರಿಗೆ ಹೋಗುವ ಬಾಗಿಲು ಕಾಯುವ ಥರ್ಮೋಸ್ಟಾಟ್. ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣವನು, ಹೊರಗೆ ಕಾಣುವವನಲ್ಲ, ಮೈಮೇಲೆ ಜಾತಿಯ ಸ್ಟಿಕರ್ ಅಂಟಿಸಲೂ ಜಾಗವಿಲ್ಲ. ಈ ಊರಿನಲ್ಲಿ ಅಂಥವನ ಪರವಾಗಿ ಯಾರು ಬಾಯಿ ತೆರೆಯುತ್ತಾರೆ?

'71 ಡಿಗ್ರಿಗೇ ತೆರೆಯುವ ಥರ್ಮೋಸ್ಟಾಟ್ ಹಾಕು' ಎಂದರು ಗೆಳೆಯರು. 'ವಾಲ್ ನಿಕಾಲ್ ದೋ ಸರ್‌ಜೀ, ಏಕ್‌ದಮ್ ಠಂಡಾ' ಎಂದ ಮೆಕ್ಯಾನಿಕ್; ಅಂದರೆ ಥರ್ಮೋಸ್ಟಾಟ್ ವಾಲನ್ನೇ ಕಿತ್ತುಹಾಕಿ, ಪೂರ್ತಿ ತಂಪು. ನೆಗಡಿಗೆ ಮೂಗು ಕೊಯ್ಯುವ ವೈದ್ಯಕ್ಕೆ ಹಿಂದಿಯಲ್ಲಿ ಹೀಗೆ ಹೇಳುತ್ತಾರೆಂದು ಆಗ ತಿಳಿಯಿತು.

ನನಗೂ ಚಪಲ ತಡೆಯಲಿಲ್ಲ. ಬಿಚ್ಚಿದ ಥರ್ಮೋಸ್ಟಾಟನ್ನು ಇಸಿದುಕೊಂಡು ಬಂದು, ಹಾಲು ಕಾಯಿಸುವ ಪಾತ್ರೆಯಲ್ಲಿ ನೀರಿಟ್ಟು, ದಾರದಲ್ಲಿ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಹಿಡಿದು ನಿಂತೆ. (ಆ ಪಾತ್ರೆಯ ಮುಂದಿನ ಗತಿಯನ್ನು ಮನೆಯಾಕೆ ತೀರ್ಮಾನಿಸಿದಳು.) ಮೈಮೇಲೆ 82 ಎಂದು ಅಚ್ಚಾಗಿತ್ತು. ನೀರು ಅಲ್ಲಿಗೆ ಮುಟ್ಟುತ್ತಿದ್ದಂತೆ ಒಳಗಿನ ಮೇಣ ಕರಗಿ ಹಿಗ್ಗಿ ಬಾಗಿಲನ್ನು ಮೆಲ್ಲಗೆ ತಳ್ಳಿತು. 95ರ ಹೊತ್ತಿಗೆ ಪೂರ್ತಿ ತೆರೆಯಿತು. ಈ ಇಡೀ ಪ್ರಕರಣದಲ್ಲಿ ತನ್ನ ಕೆಲಸ ತಾನು ಮಾಡುತ್ತಿದ್ದವನು ಅವನೊಬ್ಬನೇ.

ಭಾಯಿಸಾಬರಿಗೆ ವಿವರಿಸಿದೆ. ಈ ಬಾಗಿಲು ನೋಡಿಕೊಳ್ಳುವುದು ಎಂಜಿನ್ ಎಷ್ಟಕ್ಕಿಂತ ತಣ್ಣಗಾಗಬಾರದು ಎಂಬುದನ್ನು. ಪೂರ್ತಿ ತೆರೆದ ಮೇಲೆ 71ರದೂ ಒಂದೇ, 82ರದೂ ಒಂದೇ. ಆಮೇಲಿನ ಪಾಡು ರೇಡಿಯೇಟರು, ಫ್ಯಾನು, ಪಂಪಿನದು. ಕಂಪನಿ ಹೇಳಿದ ಡಿಗ್ರಿಯದನ್ನೇ ಹಾಕಿ, ಬುಲ್ ಬಾರ್ ಬಿಚ್ಚಿ. ಕಡಿಮೆ ಡಿಗ್ರಿಯದು ಹಾಕಿದರೆ ಎಂಜಿನ್ ಇನ್ನೂ ಬೆಚ್ಚಗಾಗಿಲ್ಲವೆಂದು ಇಸಿಯು ಡೀಸೆಲ್ ಸುರಿಯುತ್ತಲೇ ಇರಬಹುದು. ಪೂರ್ತಿ ಕಿತ್ತರೆ ಇನ್ನೂ ತಮಾಷೆ: ಕೆಲವು ಎಂಜಿನ್‌ಗಳಲ್ಲಿ ಬೈಪಾಸ್ ದಾರಿಯನ್ನು ಮುಚ್ಚುವುದೂ ಇದೇ ಥರ್ಮೋಸ್ಟಾಟ್. ಅದಿಲ್ಲದಿದ್ದರೆ ಬಿಸಿನೀರಿನಲ್ಲಿ ಒಂದು ಪಾಲು ರೇಡಿಯೇಟರಿನ ಮುಖವನ್ನೇ ನೋಡದೆ ವಾಪಸು ಎಂಜಿನ್ನಿಗೆ ನುಗ್ಗುತ್ತದೆ. ತಂಪಿಗೆಂದು ಕಿತ್ತದ್ದು ಬೇಸಿಗೆಯಲ್ಲಿ ಇನ್ನಷ್ಟು ಸುಡುತ್ತದೆ.

ಎಲ್ಲ ಕೇಳಿಸಿಕೊಂಡು ಅವರು ಒಂದೇ ಮಾತು ಅಂದರು: 'ಬುಲ್ ಬಾರ್ ಬಿಚ್ಚಿದರೆ ಗಾಡಿ ಬೋಳಾಗಿ ಕಾಣುತ್ತೆ, ಸರ್‌ಜೀ.'

ಕೊನೆಗೆ ವಾಲ್ ಕಿತ್ತೇ ಓಡಿಸಿದರು. ಜನವರಿ ಬಂತು. ಎದುರಿನ ಟವರೇ ಕಾಣದಂಥ ಮಂಜು, ನಾಲ್ಕು ಡಿಗ್ರಿ ಚಳಿ. ಎಂಜಿನ್ ಬಿಸಿಯಾದರಲ್ಲವೇ ಹೀಟರಿನಿಂದ ಬಿಸಿಗಾಳಿ ಬರುವುದು? ಭಾಯಿಸಾಬ್ ಮಂಕಿ ಟೋಪಿ, ಕೈಗವಸು ಹಾಕಿಕೊಂಡು, ಮಫ್ಲರಿನೊಳಗೆ ಹಲ್ಲು ಕಡಿಯುತ್ತ ಗೇಟು ದಾಟುವುದನ್ನು ದಿನಾ ನೋಡುತ್ತೇನೆ. ಹಳೆಯ ಥರ್ಮೋಸ್ಟಾಟ್ ನನ್ನ ಬಳಿಯೇ ಇದೆ, ಹಾಕಿಸಿಕೊಳ್ಳಿ ಎಂದು ನಿನ್ನೆ ಲಿಫ್ಟಿನಲ್ಲಿ ಹೇಳಿದೆ.

'ಬೇಡ ಸರ್‌ಜೀ, ಕರೋಲ್ ಬಾಗಿನಲ್ಲಿ ಬಿಸಿಯಾಗುವ ಸೀಟ್ ಕವರ್‌ಗೆ ಹೇಳಿಬಂದಿದ್ದೇನೆ' ಎಂದರು. 'ಅಂಚಿಗೆ ಬಣ್ಣ ಬದಲಾಯಿಸುವ ಲೈಟೂ ಇದೆ.'