ರಿಪೇರಿ ಮಾಡಿಸಬೇಕೆಂದಿರುವ ಕಾಕಾ

ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಾಗಲಿ, ಶಹಾಪುರದ ಬಸ್‌ಸ್ಟ್ಯಾಂಡಿನ ಆಸುಪಾಸಿನಲ್ಲಾಗಲಿ, ಸುರಪುರದ ಪೇಟೆಯಲ್ಲಾಗಲಿ ಈ ಮನುಷ್ಯ ಸಿಕ್ಕೇ ಸಿಗುತ್ತಾನೆ. ಒಂದು ಕಾಲಕ್ಕೆ ಫೋಟೋ ಸ್ಟುಡಿಯೋ ಇಟ್ಟವನು. ಈಗ ಅದೇ ಮಳಿಗೆಯಲ್ಲಿ ಮಗ ಝೆರಾಕ್ಸ್ ಯಂತ್ರ ಇಟ್ಟಿದ್ದಾನೆ. ಊರಿಗೆಲ್ಲ ಕಾಕಾ. ಅವನ ಕಪಾಟಿನಲ್ಲಿ, ಹಳೆ ಲುಂಗಿಯಲ್ಲಿ ಸುತ್ತಿ, ನುಸಿಗುಳಿಗೆಗಳ ನಡುವೆ ಒಂದು ಪೆಂಟ್ಯಾಕ್ಸ್ ಕೆ1000 ಕ್ಯಾಮೆರಾ ಮಲಗಿದೆ. ಅದನ್ನು ರಿಪೇರಿ ಮಾಡಿಸಬೇಕು. ಕಲಬುರಗಿಯಿಂದ ಯಾದಗಿರಿ ಬೇರೆ ಜಿಲ್ಲೆಯಾದಾಗಲೂ ಮಾಡಿಸಬೇಕೆಂದೇ ಇತ್ತು.

ಕಾಯಿಲೆ ದೊಡ್ಡದಲ್ಲ. ಗುಂಡಿ ಒತ್ತಿದರೆ ಒಳಗಿನ ಕನ್ನಡಿ ಮೇಲೇಳುತ್ತದೆ, ಇಳಿಯುವುದಿಲ್ಲ. ಕನ್ನಡಿ ಬಡಿಯುವ ಜಾಗದಲ್ಲಿ ತೆಳ್ಳನೆಯ ಸ್ಪಂಜಿನ ಪಟ್ಟಿಯೊಂದು ಇರುತ್ತದೆ. ವರ್ಷ ಕಳೆದಂತೆ, ಅದರಲ್ಲೂ ಈ ಕಡೆಯ ಬಿಸಿಲಿಗೆ, ಅದು ಡಾಂಬರಿನಂತೆ ಕರಗಿ ಕನ್ನಡಿಯನ್ನು ಹಿಡಿದುಕೊಳ್ಳುತ್ತದೆ. ಕೆರೆದು ತೆಗೆದು ಹೊಸ ಪಟ್ಟಿ ಅಂಟಿಸಿದರೆ ಮುಗಿಯಿತು. ಇದು ಕಾಕಾಗೂ ಗೊತ್ತು. ಗೊತ್ತಿರುವುದೇ ತೊಂದರೆ.

"ಸುರಪುರದಾಗ ಒಬ್ಬಾವ ಮಾಡ್ತಾನಂತ್ರಿ ಕಾಕಾ."

"ಅವ ವಾಚಿನಾವ. ಕ್ಯಾಮೆರಾ ಅಂದ್ರ ವಾಚ್ ಏನೋ ತಮ್ಮಾ?"

"ಹಂಗಾರ ಹೈದರಾಬಾದಿಗಿ ಒಯ್ರಿ."

"ಬಿಟ್ಟು ಬಂದ್ರ ಒಳಗಿನ ಸಾಮಾನೇ ಬದಲಿ ಮಾಡ್ತಾರ!"

"ಒಂದು ಮಾಡಸ್ರಿ, ಇಲ್ಲಾ ಒಗೀರಿ" ಎಂದು ಕಾಕು ಒಳಗಿನಿಂದ ಹೇಳಿದರೆ ಮಾತು ಸೆಲ್ಲಿನ ಕಡೆ ಹೊರಳುತ್ತದೆ. ಕೆ1000ಕ್ಕೆ ಬೆಳಕಿನ ಮೀಟರ್ ಬಂದ್ ಮಾಡುವ ಸ್ವಿಚ್ಚೇ ಇಲ್ಲ. ಲೆನ್ಸಿಗೆ ಮುಚ್ಚಳ ಹಾಕಿ ಕತ್ತಲೆ ಮಾಡುವುದೇ ಸ್ವಿಚ್ಚು. ಯಾವ ವರ್ಷವೋ ದೀಪಾವಳಿಗೆ ಕಪಾಟು ಒರೆಸುವಾಗ ಕಾಕು ಆ ಮುಚ್ಚಳ ತೆಗೆದಿಟ್ಟಿದ್ದಳು. ಸೆಲ್ ಸತ್ತದ್ದಕ್ಕೆ ಅಂದಿನಿಂದ ಅವಳೇ ಹೊಣೆ. ಸೆಲ್ ಇಲ್ಲದಿದ್ದರೂ ಈ ಕ್ಯಾಮೆರಾದ ಶಟರ್ ನಡೆಯುತ್ತದೆ, ಮೀಟರಿನ ಮುಳ್ಳಷ್ಟೇ ಅಲುಗುವುದಿಲ್ಲ ಎಂಬುದನ್ನು ಕಾಕಾ ಆ ಹೊತ್ತಿಗೆ ಮರೆತಿರುತ್ತಾನೆ.

ಹಳೆಯ ದಿನಗಳ ಮಾತು ತೆಗೆದರೆ ಮಾತ್ರ ಮುಖ ಅರಳುತ್ತದೆ. 36ರ ರೋಲಿನಲ್ಲಿ 38 ತೆಗೆಯುತ್ತಿದ್ದ ಕೈ ಅದು. ಮದುವೆಯಲ್ಲಿ ಆಯೇರಿಯವರ ಸಾಲು ಮುಗಿಯುವ ಮೊದಲೇ ರೋಲ್ ಮುಗಿಯುವಂತಿದ್ದರೆ, ಫ್ಲ್ಯಾಶಿನ ಹಿಂದಿನ ಟೆಸ್ಟ್ ಬಟನ್ ಒತ್ತಿ ಬರೀ ಬೆಳಕು ಹೊಡೆಯುತ್ತಿದ್ದ. ಬೀಗರು ನಕ್ಕು ಇಳಿಯುತ್ತಿದ್ದರು. ಆಲ್ಬಂ ಬಂದಾಗ "ನಮ್ಮ ಫೋಟೋ ಎಲ್ಲಿ?" ಎಂದವರಿಗೆ ಉತ್ತರ ತಯಾರಿತ್ತು: "ನೀವು ಕಣ್ಣು ಮುಚ್ಚಿದ್ರಿ."

ಅವನ ಪ್ರಕಾರ ಈ ಸೀಮೆಯಲ್ಲಿ ಕಣ್ಣು ಮಿಟುಕಿಸದೆ, ಅಲುಗಾಡದೆ ಫೋಟೋಕ್ಕೆ ಒದಗಿದ್ದು ಒಂದೇ ಆಸಾಮಿ: ಶಹಾಪುರದ ಗುಡ್ಡದಲ್ಲಿ ಕಾಣುವ ಮಲಗಿದ ಬುದ್ಧ. ಸುರಪುರದ ಟೇಲರ್ ಮಂಜಿಲ್ ಮುಂದೆ ನಿಂತರೆ ಮರುಕವೂ ಬರುತ್ತದೆ. ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 1841ರಲ್ಲಿ ಇಲ್ಲಿಗೆ ಬರುವುದಕ್ಕೆ ಎರಡೇ ವರ್ಷ ಮೊದಲು ಪ್ಯಾರಿಸ್ಸಿನಲ್ಲಿ ಡಾಗೇರ್‌ನ ಫೋಟೋ ವಿಧಾನ ಬಹಿರಂಗವಾಗಿತ್ತು. "ಪಾಪ, ಸಾಹೇಬ ಕೈಲೇ ಚಿತ್ರ ಬರಕೋತ ಕೂತ" ಎನ್ನುತ್ತಾನೆ ಕಾಕಾ, ತನ್ನ ಕೆ1000 ಆಗಲೇ ಬರಬಹುದಿತ್ತು ಎಂಬಂತೆ. ಅದು ಮಾರುಕಟ್ಟೆಗೆ ಬಂದದ್ದು 1976ರಲ್ಲಿ, ನಿಂತದ್ದು 1997ರಲ್ಲಿ.

2024ರಲ್ಲಿ ಪೆಂಟ್ಯಾಕ್ಸ್ ಮತ್ತೆ ರೋಲ್ ಕ್ಯಾಮೆರಾ ತಂದ ಸುದ್ದಿಯನ್ನು ಮಗ ಮೊಬೈಲಿನಲ್ಲಿ ತೋರಿಸಿದ. "ನೋಡು, ನಾ ಹೇಳಿರ್ಲಿಲ್ಲೇನು!" ಎಂದು ಕಾಕಾ ಎದ್ದು ಕುಳಿತ. ಅದು ಅರ್ಧ ಚೌಕಟ್ಟಿನದು, 36ರ ರೋಲಿನಲ್ಲಿ 72 ಫೋಟೋ ಬರುತ್ತವೆ ಎಂದು ಗೊತ್ತಾದ ಮೇಲೆ ಆ ಸಂಜೆ 38ರ ಮಾತು ಬರಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಈ ಕ್ಯಾಮೆರಾ ರಿಪೇರಿಗೆ ಯೋಗ್ಯ. ಸ್ಪಂಜು ಹೋಗಿದ್ದರೆ ಮಾಡಿಸಬೇಕು. ಶಟರಿನ ಪರದೆ ಹರಿದಿದ್ದರೆ, ಲೆನ್ಸಿನ ಒಳಗೆಲ್ಲ ಫಂಗಸ್ ಹಬ್ಬಿದ್ದರೆ ಯೋಚಿಸಬೇಕು. ಖರ್ಚು ಇರುವುದು ಆಮೇಲೆ. ಒಂದು ಕಲರ್ ರೋಲ್ ಕೊಂಡು, ದೂರದ ಲ್ಯಾಬಿಗೆ ಕಳಿಸಿ ತೊಳೆಸುವಷ್ಟರಲ್ಲಿ ಸಾವಿರ ರೂಪಾಯಿ ದಾಟುತ್ತದೆ.

ನಿಮ್ಮ ಮನೆಯ ಕಪಾಟಿನಲ್ಲೂ ಇಂಥದೊಂದಿದ್ದರೆ, ಅಂಗಡಿಗೆ ಒಯ್ಯುವ ಮೊದಲು ಹಿಂಬಾಗಿಲು ತೆರೆಯಬೇಡಿ. ಮೇಲೆ ಎಡತುದಿಯಲ್ಲಿ ರೋಲ್ ಹಿಂದಕ್ಕೆ ಸುತ್ತುವ ಹಿಡಿಕೆ ಇರುತ್ತದೆ, ಮೆಲ್ಲಗೆ ತಿರುಗಿಸಿ. ಬಿಗಿ ಬಂದರೆ ಒಳಗೆ ಇನ್ನೂ ಯಾರದೋ ಮದುವೆ ಇದೆ.