ತಕರಾರಿಲ್ಲ, ಆದರೆ ಈಗ ಬೇಡ

ಡೆಬಿಯನ್ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮನ್ನು ಕಟ್ಟುವವರು ದೇಶದೇಶಗಳಲ್ಲಿ ಚದುರಿಕೊಂಡಿರುವ ಸ್ವಯಂಸೇವಕರು. ಅವರಲ್ಲಿ ಒಂದು ಬಗೆಯವರು ಯಾವ ಬದಲಾವಣೆಯನ್ನೂ ವಿರೋಧಿಸುವುದಿಲ್ಲ. ವಿರೋಧಿಸುವವರನ್ನಾದರೂ ವಾದ ಮಾಡಿ ಸೋಲಿಸಬಹುದು. ಇವರು ಮೊದಲೇ ಒಪ್ಪಿಕೊಂಡು ಕೂತಿರುವುದರಿಂದ ಸೋಲಿಸಲು ಏನೂ ಉಳಿದಿರುವುದಿಲ್ಲ. ಇವರ ತಕರಾರೆಲ್ಲ ದಿನಾಂಕದ ಮೇಲೆ.

ಇವರನ್ನು ಪೂರ್ಣ ತೇಜಸ್ಸಿನಲ್ಲಿ ನೋಡಬೇಕಿದ್ದರೆ 1999ಕ್ಕೆ ಹೋಗಬೇಕು. ಅದುವರೆಗೆ ಪ್ರತಿ ಪ್ಯಾಕೇಜಿನ ಕೈಪಿಡಿ, ಹಕ್ಕುಸ್ವಾಮ್ಯದ ವಿವರ, ಬದಲಾವಣೆಗಳ ಪಟ್ಟಿ ಎಲ್ಲವೂ /ಯುಎಸ್‌ಆರ್/ಡಾಕ್ ಎಂಬ ಡೈರೆಕ್ಟರಿಯಲ್ಲಿ ಸುಖವಾಗಿದ್ದವು. ಯಾವ ಫೈಲು ಎಲ್ಲಿರಬೇಕೆಂದು ವಿಧಿಸುವ ಎಫ್‌ಎಚ್‌ಎಸ್ ಮಾನದಂಡ ಮಾತ್ರ ಬೇರೆ ಮಾತು ಹೇಳಿತು: ಓದುವ ಫೈಲು ಇಂಟೆಲ್ ಯಂತ್ರದಲ್ಲಿದ್ದರೂ ಆಲ್ಫಾದಲ್ಲಿದ್ದರೂ ಸ್ಪಾರ್ಕ್‌ನಲ್ಲಿದ್ದರೂ ಒಂದೇ, ಅಂಥದ್ದನ್ನು 'ಶೇರ್' ಒಳಗಿಟ್ಟರೆ ನೆಟ್‌ವರ್ಕ್ ಮೂಲಕ ಎಲ್ಲ ಯಂತ್ರಗಳೂ ಹಂಚಿಕೊಳ್ಳಬಹುದು. ಆದ್ದರಿಂದ ಹೊಸ ವಿಳಾಸ /ಯುಎಸ್‌ಆರ್/ಶೇರ್/ಡಾಕ್. ಡೆಬಿಯನ್ನಿನ ನಿಯಮಾವಳಿ ಆ ವರ್ಷ ಇದನ್ನು ಒಪ್ಪಿತು. ನಮ್ಮವರೂ ಒಪ್ಪಿದರು. "ತಾತ್ವಿಕವಾಗಿ ನನ್ನದೇನೂ ಅಭ್ಯಂತರವಿಲ್ಲ" ಎಂದರು. ಇವರು ತಾತ್ವಿಕವಾಗಿ ಒಪ್ಪಿದರೆಂದರೆ ಕೆಲಸ ಕೆಟ್ಟಿತೆಂದೇ ತಿಳಿಯಬೇಕು.

ನಮ್ಮಲ್ಲಿ ಆಷಾಢದಲ್ಲಿ ಮನೆ ಬದಲಿಸುವುದಿಲ್ಲ. ಅದೊಂದು ತಿಂಗಳು ಕಳೆದರೆ ಶ್ರಾವಣ ಬರುತ್ತದೆ. ಇವರ ಪಂಚಾಂಗದಲ್ಲಿ ಹನ್ನೆರಡು ತಿಂಗಳೂ ಆಷಾಢವೇ. ಬಿಡುಗಡೆ ಹತ್ತಿರವಿದ್ದರೆ "ಇನ್ನೇನು ಫ್ರೀಜ್ ಆಗುತ್ತೆ, ಈಗ ಯಾಕೆ ಕೈ ಹಾಕ್ತೀರಿ?" ಬಿಡುಗಡೆ ಆಗಷ್ಟೇ ಮುಗಿದಿದ್ದರೆ "ಜನ ಈಗ ತಾನೇ ಅಪ್‌ಗ್ರೇಡ್ ಮಾಡಿದ್ದಾರೆ, ಸ್ವಲ್ಪ ಉಸಿರಾಡಲಿ." ಎರಡರ ನಡುವೆ ಇದ್ದರೆ "ಈಗಾಗಲೇ ನೂರೆಂಟು ಬದಲಾವಣೆ ನಡೀತಿವೆ, ಇದೊಂದು ಬೇರೆ ಬೇಕಾ?" ಡೆಬಿಯನ್ ಬಿಡುಗಡೆಗಳಿಗೆ 'ಟಾಯ್ ಸ್ಟೋರಿ' ಸಿನಿಮಾಗಳ ಪಾತ್ರಗಳ ಹೆಸರು, ಆಗ ತಯಾರಾಗುತ್ತಿದ್ದುದು ಪೊಟೇಟೋ. ಅದು ಬೆಂದು ಇಳಿಯಲಿ, ಆಮೇಲೆ ನೋಡೋಣ ಎಂಬುದು ಇವರ ನಿಲುವು.

ಇವರು ಸೋಮಾರಿಗಳೆಂದು ಮಾತ್ರ ತಿಳಿಯಬಾರದು. ಆ ಡೈರೆಕ್ಟರಿಯನ್ನು ನಿಜವಾಗಿ ಓದುವವರು ಇವರೇ. ಕೀಲಿಮಣೆಯ ಮುಂದೆ ಕೂತರೆ ಬೆರಳುಗಳು ಕಣ್ಣನ್ನು ಕೇಳದೆ ಹಳೆಯ ದಾರಿಯನ್ನು ಬರೆದು, ಟ್ಯಾಬ್ ಒತ್ತಿ, ಒತ್ತಿಟ್ಟ ಜಿಜಿಪ್ ಫೈಲನ್ನು ಜಡ್‌ಲೆಸ್‌ನಲ್ಲಿ ತೆರೆದು ಮುಗಿಸಿರುತ್ತವೆ. ಹೊಸ ವಿಳಾಸಕ್ಕೆ ಐದಕ್ಷರ, ಒಂದು ಓರೆಗೆರೆ ಜಾಸ್ತಿ. ಅದನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಹೀಗಾಗಿ "ನನಗೇನಪ್ಪ, ಪಾಪ ಸಾಮಾನ್ಯ ಬಳಕೆದಾರನ ಗತಿ ಏನು?" ಎಂದು ಕಣ್ಣಿಗೆ ಕಾಣದ ಒಬ್ಬ ಬಡಪಾಯಿಯ ಪರವಾಗಿ ಕಳವಳಪಡುತ್ತಾರೆ.

ಎದುರಿಗೆ 'ಈಗಲೇ' ಬಣದವರು. ಅವರು ಯಾರನ್ನೂ ಕೇಳದೆ ತಮ್ಮ ಪ್ಯಾಕೇಜುಗಳನ್ನು ಹೊಸ ಜಾಗಕ್ಕೆ ಸಾಗಿಸಿಬಿಟ್ಟರು. ಎರಡು ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳಲ್ಲಿ ಕೆಲವು ಇಲ್ಲಿ, ಕೆಲವು ಅಲ್ಲಿ. ಹಳೆಯ ಡೈರೆಕ್ಟರಿಯನ್ನೇ ಹೊಸದಕ್ಕೆ ದಾರಿ ತೋರುವ ಒಂದು ಲಿಂಕ್ ಮಾಡಿ ಕೈತೊಳೆದುಕೊಳ್ಳೋಣವೆಂದರೆ, ಇರುವ ಡೈರೆಕ್ಟರಿಯನ್ನು ಲಿಂಕ್ ಆಗಿ ಬದಲಿಸಲು, ಪ್ಯಾಕೇಜುಗಳನ್ನು ಅಳವಡಿಸುವ ಡಿಪಿಕೆಜಿ ತಾನಾಗಿ ಒಪ್ಪುವುದಿಲ್ಲ. "ನಾನು ಆಗಲೇ ಹೇಳಲಿಲ್ವಾ?" ಎಂದು ನಮ್ಮವರ ಮುಖ ಅರಳಿತು.

ವ್ಯಾಜ್ಯ ಡೆಬಿಯನ್ನಿನ ತಾಂತ್ರಿಕ ಸಮಿತಿಯ ಕಟ್ಟೆ ಹತ್ತಿತು. ತೀರ್ಪು ಹೀಗೆ: ಫೈಲುಗಳು ಹೊಸ ಜಾಗಕ್ಕೆ ಹೋಗಲಿ, ಪ್ರತಿ ಪ್ಯಾಕೇಜೂ ಹಳೆಯ ಜಾಗದಲ್ಲಿ ತನ್ನ ಹೆಸರಿನ ಒಂದು ಲಿಂಕ್ ಇಟ್ಟಿರಲಿ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. 'ಈಗಲೇ' ಬಣದವರಿಗೆ ಇದು ನಿಧಾನವಾಯಿತು, ನಮ್ಮವರಿಗೆ ಅವಸರವಾಯಿತು. ಬಳಕೆದಾರನಿಗೆ ಮಾತ್ರ ಎರಡು ಬಾಗಿಲಲ್ಲಿ ಯಾವುದನ್ನು ತೆರೆದರೂ ಫೈಲು ಸಿಕ್ಕಿತು.

ಇಲ್ಲಿಗೆ ಕಥೆ ಮುಗಿಯಿತೆಂದುಕೊಂಡವರು ಇವರನ್ನು ಬಲ್ಲವರಲ್ಲ. ಲಿಂಕ್ ಇಟ್ಟ ಮೇಲೆ ಅದನ್ನು ತೆಗೆಯುವುದು ಯಾವಾಗ ಎಂಬ ಹೊಚ್ಚಹೊಸ ಪ್ರಶ್ನೆ ಹುಟ್ಟಿತಲ್ಲ! ಮೊದಲು ಲಿಂಕ್ ಇಲ್ಲದಿದ್ದರೆ ದೋಷ. ಆಮೇಲೆ ಲಿಂಕ್ ಬೇಕೇ ಬೇಕೆಂದಿಲ್ಲ. ಮುಂದೊಂದು ದಿನ ಲಿಂಕ್ ಇದ್ದರೆ ಅದೇ ದೋಷ. ಒಂದೇ ಲಿಂಕಿಗೆ ಮೂರು ಅವಸ್ಥೆ, ಮೂರಕ್ಕೂ ಮೂರು ಬೇರೆ ಮುಹೂರ್ತ. ಇವರಿಗೆ ಕೈತುಂಬ ಕೆಲಸ. 2000ದಲ್ಲಿ ಪೊಟೇಟೋ ಇಳಿಯಿತು. "ವುಡಿ ಬರಲಿ" ಎಂದರು. 2002ರಲ್ಲಿ ವುಡಿಯೂ ಬಂತು. "ಸಾರ್ಜ್ ಬರಲಿ" ಎಂದರು. ಅದು ಬಂದದ್ದು 2005ರಲ್ಲಿ.

ಅಷ್ಟು ಹೊತ್ತಿಗೆ 'ಈಗಲೇ' ಎಂದು ಕೂಗಿದ್ದವರು ಬೇರೆ ಯಾವುದೋ ತುರ್ತನ್ನು ಹಿಡಿದುಕೊಂಡು ಹೊರಟುಹೋಗಿದ್ದರು. ಲಿಂಕ್ ಮಾಡುವ ಸಾಲುಗಳನ್ನು ಪ್ಯಾಕೇಜುಗಳ ಸ್ಕ್ರಿಪ್ಟಿನಿಂದ ಅಳಿಸಲು ಉಳಿದವರು ನಮ್ಮವರೇ. ಕಾಫಿ ಪಕ್ಕಕ್ಕಿಟ್ಟು, ಒಂದೊಂದೇ ಪ್ಯಾಕೇಜು ತೆರೆದು ಅಳಿಸಿದರು; ಒಂದು ಫೈಲೂ ಕಳೆದುಹೋಗಲಿಲ್ಲ. ಒಂದು ಪ್ಯಾಕೇಜಿಗೆ ಹಿಡಿದದ್ದು ಐದು ನಿಮಿಷ. ಉಳಿದ ಆರು ವರ್ಷ ದಿನ ನೋಡುವುದಕ್ಕೆ.