ಅಶೋಕಪುರಂ ಸುತ್ತ ಒಂದು ಪಾಲಿಗನ್

ಸಮೀಕ್ಷೆಯವರ ಸ್ಟಿಕರ್ ಬಾಗಿಲ ಮೇಲೆ ಇನ್ನೂ ಅರ್ಧ ಅಂಟಿಕೊಂಡಿದೆ, ಅಷ್ಟರಲ್ಲೇ ಜನಗಣತಿಯ ಸಡಗರ. ಇವೆರಡರ ನಡುವೆ ಪಿಎಚ್.ಡಿ. ಮಕ್ಕಳ ‘ಅಧ್ಯಯನ ಪ್ರದೇಶ’ ಬೇರೆ. ಮೈಸೂರಿನ ಅಶೋಕಪುರಂ ಸುತ್ತ ಎಳೆದ ಅಂಥದೊಂದು ಪ್ರದೇಶದ ಗಡಿಗೆರೆ (ಕಂಪ್ಯೂಟರ್ ಭಾಷೆಯಲ್ಲಿ ಪಾಲಿಗನ್) ಮೊನ್ನೆ ಮಾತಿಗೆ ಸಿಕ್ಕಿತು. ವಾಸ: ಕ್ಯೂಜಿಐಎಸ್ ಎಂಬ, ನಕ್ಷೆ ಬರೆಯುವ ಪುಕ್ಕಟೆ ತಂತ್ರಾಂಶ. ದಪ್ಪ: 0.26 ಮಿಲಿಮೀಟರ್. ಬಣ್ಣ: ಕೆಂಪು.

ಪ್ರಶ್ನೆ: ನೀವು ಹುಟ್ಟಿದ್ದು ಹೇಗೆ?

ಗೆರೆ: ಮೌಸಿನಿಂದ. ಪಿಎಚ್.ಡಿ. ಹುಡುಗ ಉಪಗ್ರಹದ ಚಿತ್ರ ಹಾಸಿದ, ಎಡಗಡೆ ಕ್ಲಿಕ್, ಕ್ಲಿಕ್, ಕ್ಲಿಕ್, ಕೊನೆಗೆ ಬಲಗಡೆ ಒಂದು. ಮುಗೀತು. ಪುಣ್ಯಾತ್ಮ ಅಶೋಕಪುರಂ ಸ್ಟೇಷನ್ನಿನಲ್ಲಿ ಇಳಿದೂ ಇರಲಿಲ್ಲ.

ಪ್ರಶ್ನೆ: ಅಯ್ಯೋ! 1802ರಲ್ಲಿ ಸರ್ವೆ ಸಾಹೇಬ ಲ್ಯಾಂಬ್ಟನ್ ಮದರಾಸಿನ ಬಳಿ ಉಕ್ಕಿನ ಸರಪಳಿ ಹಾಸಿ ಅಳೆದ. ನಮ್ಮ ಮೋಜಣಿದಾರರದು 33 ಅಡಿಯ ಸರಪಳಿ. 16 ಆಣೆಗೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಎಂಥಾ ಲೆಕ್ಕ! ಅಂದಹಾಗೆ ನೀವು ಎಷ್ಟು ಗುಂಟೆ?

ಗೆರೆ: ಗುಂಟೆ ಎಲ್ಲಿ ಸ್ವಾಮಿ? ನನ್ನ ವಿಸ್ತೀರ್ಣ ಚದರ ಡಿಗ್ರಿಯಲ್ಲಿ ಬಂತು. ಸೊನ್ನೆ, ಚುಕ್ಕಿ, ನಾಲ್ಕು ಸೊನ್ನೆ, ಆಮೇಲೆ ಏನೋ ಒಂದು. ಅಕ್ಷಾಂಶ ರೇಖಾಂಶದಲ್ಲೇ ಕೂರಿಸಿ ಲೆಕ್ಕ ಕೇಳಿದರೆ ಇನ್ನೇನು ಬರುತ್ತೆ? ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಯಲ್ಲಿ ಮೈಸೂರು 43ನೇ ವಲಯದ್ದು. ಅಲ್ಲಿಗೆ ಬದಲಾಯಿಸಿದ್ದರೆ ಚದರ ಮೀಟರ್ ಕೊಡ್ತಿದ್ದೆ.

ಪ್ರಶ್ನೆ: 101 ಚದರ ಮೀಟರಿಗೆ ಒಂದು ಗುಂಟೆ. ಭಾಗಾಕಾರ ನಾನೇ ಮಾಡಿಕೊಳ್ಳುತ್ತಿದ್ದೆ...

ಗೆರೆ: ನನ್ನ ಹೊಟ್ಟೆಯುರಿ ಅದಲ್ಲ, ಸ್ನ್ಯಾಪಿಂಗ್! ಅದೊಂದು ಗುಂಡಿ ಒತ್ತಿದ್ದರೆ ಪಕ್ಕದ ಗಡಿಗೆ ತಾನಾಗಿ ಕೂಡಿಕೊಳ್ತಿದ್ದೆ. ಒತ್ತಲಿಲ್ಲ. ಜಯನಗರದ ಪಾಲಿಗನ್ನಿಗೂ ನನಗೂ ಒಂದು ಕಡೆ ಸಂದು, ಇನ್ನೊಂದು ಕಡೆ ನಾನು ಅದರ ಮೇಲೇ ಹತ್ತಿ ಕೂತಿದ್ದೀನಿ. ಸಂದಿನಲ್ಲಿ ಬಿದ್ದ ಮನೆ ಯಾರ ಲೆಕ್ಕಕ್ಕೂ ಇಲ್ಲ, ಹತ್ತಿ ಕೂತ ಕಡೆಯ ಮನೆ ಎರಡೆರಡು ಸಲ. ರೈಲ್ವೆ ವರ್ಕ್‌ಶಾಪ್ ನನ್ನೊಳಗೆ ಬೇಕೋ ಬೇಡವೋ ಅಂತ ಯೋಚನೆಯೇ ಇಲ್ಲ. ಹಳಿ ಕಂಡಿತು, ಎಳೆಯೋಕೆ ಸಲೀಸು, ಅದೇ ಗಡಿ. ನನ್ನನ್ನು ಶೇಪ್‌ಫೈಲ್ ಮಾಡಿ ಗೈಡಿಗೆ ಕಳಿಸುವಾಗಲೋ, ಒಂದೇ ಫೈಲು. ಶೇಪ್‌ಫೈಲ್ ಅಂದರೆ ಕಡಿಮೆ ಅಂದರೂ ಮೂರು ಫೈಲು ಸ್ವಾಮಿ!

ಪ್ರಶ್ನೆ: 2021ರಲ್ಲಿ ಕೇಂದ್ರ ಸರ್ಕಾರ ನಕ್ಷೆ ತಯಾರಿಕೆಯ ನಿಯಮ ಸಡಿಲಿಸಿತಲ್ಲ, ಅದರಿಂದ...

ಗೆರೆ: ಸ್ನ್ಯಾಪಿಂಗ್ ಅಂದೆನಲ್ಲ, ಅದು...

ಪ್ರಶ್ನೆ: ಹೋಗಲಿ ಬಿಡಿ, ಒಂದು ಗೆರೆಗೆ ಇಷ್ಟೊಂದು ಸಿಟ್ಟೇ? ಎರಡು ಬಾಂದು ಕಲ್ಲು ನೆಟ್ಟರೆ ಸರಿಹೋಗುತ್ತೆ.

ಗೆರೆ: ಕಲ್ಲು ನೆಡ್ತೀರಾ? ಮೌಸು ಬರೋಕೆ ಮೊದಲೂ ಈ ಗೆರೆ ಇತ್ತು. ಅಶೋಕಪುರಂ ಆದಿಕರ್ನಾಟಕಪುರ ಆಗಿದ್ದಾಗಲೂ ಇತ್ತು. ಅದಕ್ಕೂ ಹಿಂದೆ ಬರೀ ಕೇರಿ ಅಂತಿದ್ದರಲ್ಲ, ಆಗಲೂ ಇತ್ತು. ಅವತ್ತು ಎಳೆದವರಿಗೆ ತಂತ್ರಾಂಶ ಬೇಕಿರಲಿಲ್ಲ; ಬಾವಿಕಟ್ಟೆ ಸಾಕಿತ್ತು, ಗುಡಿಯ ಬಾಗಿಲು ಸಾಕಿತ್ತು. ಈಗ ಅದರ ಮೇಲೇ ತಿದ್ದಿ ‘ಅಧ್ಯಯನ ಪ್ರದೇಶ’ ಅಂತೀರಿ. ಪ್ರಶ್ನಾವಳಿ ಹಿಡಿದು ಬರ್ತೀರಿ. ಶೌಚಾಲಯ ಇದೆಯಾ, ಗಂಡ ಕುಡೀತಾನಾ, ಸಾಲ ಎಷ್ಟು. ಕೆಲಸ ಬಿಟ್ಟು ಉತ್ತರ ಹೇಳಿದ ಆ ತಾಯಿಗೆ ಪ್ರಬಂಧದ ಒಂದು ಪುಟ ತೋರಿಸಿದ್ದೀರಾ? ಇವೇ ಬೀದಿಗಳಿಂದ ಮೇಷ್ಟ್ರು, ಲಾಯರು, ಎಂಜಿನಿಯರು ಬಂದರು, ಅದಕ್ಕೆ ಕಾಲಂ ಇಲ್ಲ. ಏಪ್ರಿಲ್ 14ಕ್ಕೆ ಅಂಬೇಡ್ಕರ್ ಪಾರ್ಕಿನ ಕಡೆ ಹೊರಡೋ ಜನಕ್ಕೆ ಕಾಲಂ ಇಲ್ಲ. ಇರೋ ಕಾಲಂ ಎಲ್ಲ ಕೊರತೆಯದ್ದೇ. ನಿಮ್ಮದು ಯಾವ ಬಡಾವಣೆ?

ಪ್ರಶ್ನೆ: ಸರಸ್ವತಿಪುರಂ.

ಗೆರೆ: ಅಲ್ಲಿ ಯಾರಾದರೂ ಬಾಗಿಲು ತಟ್ಟಿ, ‘ಅಮ್ಮಾ, ನಿಮ್ಮ ಯಜಮಾನರು ದಿನಾ ಎಷ್ಟು ಕುಡೀತಾರೆ’ ಅಂತ ಕೇಳಿದ್ದಾರಾ?

ಪ್ರಶ್ನೆ: ನಮ್ಮದು... ಅರವತ್ತು ನಲವತ್ತರ ಸೈಟು. ಅಂದರೆ ಎರಡು ಗುಂಟೆ ಮೂರು ಆಣೆ ಚಿಲ್ಲರೆ...

ಗೆರೆ: ಗುಂಟೆ ಆಮೇಲೆ. ನಾಳೆ ಬೆಳಿಗ್ಗೆ ಮನೆಯಲ್ಲೇ ಇರಿ. ಮೊದಲ ಕ್ಲಿಕ್ ನಿಮ್ಮ ಕಾಂಪೌಂಡಿನ ಮೂಲೆಗೆ, ಸ್ನ್ಯಾಪಿಂಗ್ ಆನ್ ಮಾಡಿಯೇ ಬರ್ತೀನಿ. ಪ್ರಶ್ನಾವಳಿ 14 ಪುಟ ಇದೆ, ಯಜಮಾನರನ್ನೂ ಕೂರಿಸಿಕೊಂಡಿರಿ ಅಂತ ಮನೆಯವರಿಗೆ ಹೇಳಿ.